ನರಕಕ್ಕೆ ಹೆಸರು ಕೊಟ್ಟ ಕಣಿವೆ

ಜೆರುಸಲೇಮಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಹಾಗಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಳೆಯ ಊರಿನ ಸುತ್ತಲಿನ ಇಳಿಜಾರುಗಳೆಲ್ಲ ಹಸಿರಾಗಿರುತ್ತವೆ. ಯಾಫಾ ಬಾಗಿಲಿನಿಂದ ಹೊರಬಿದ್ದು, ಎಡಕ್ಕೆ ತಿರುಗಿ, ಕೋಟೆಗೋಡೆಯ ಗುಂಟ ಇಳಿಯುತ್ತ ಹೋದರೆ ಬಲಮಗ್ಗುಲಿಗೆ ಒಂದು ಕಣಿವೆ ತೆರೆದುಕೊಳ್ಳುತ್ತದೆ. ಬಾದಾಮಿ ಮರಗಳು ಎಲೆಗಿಂತ ಮೊದಲೇ ಹೂ ಬಿಟ್ಟು ನಿಂತಿರುತ್ತವೆ. ಮಕ್ಕಳು ಹುಲ್ಲಿನ ಮೇಲೆ ಓಡಾಡುತ್ತಾರೆ. ನಡಿಗೆಗೆ ಬಂದವರು ಆಲಿವ್ ಮರದ ಕೆಳಗೆ, ಬಿಸಿಲು ಕಾದ ಬಂಡೆಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಬೇಸಿಗೆ ಬಂತೆಂದರೆ ಕಣಿವೆಯ ಮೇಲ್ಭಾಗದ ಬಯಲು ರಂಗಮಂದಿರದಲ್ಲಿ ಸಂಗೀತ ಕಛೇರಿಗಳು ನಡೆಯುತ್ತವೆ.

ಈ ಕಣಿವೆಯ ಹೀಬ್ರೂ ಹೆಸರು ಗೇ ಹಿನ್ನೋಮ್. ಅದೇ ಹೆಸರು ಗ್ರೀಕಿಗೆ ಹೋಗಿ ಗೆಯೆನ್ನ ಆಯಿತು, ಲ್ಯಾಟಿನ್ನಿನಲ್ಲಿ ಗೆಹೆನ್ನ ಆಯಿತು, ಅರಬ್ಬಿಯಲ್ಲಿ ಜಹನ್ನಮ್ ಆಯಿತು. ಉರ್ದು ಮಾತಾಡುವ ನಮ್ಮ ಕಲಬುರಗಿ, ಬೀದರ್, ಬೆಂಗಳೂರಿನ ಮನೆಗಳಲ್ಲಿ ಈ ಪದ ದಿನಬಳಕೆಯದು. ಹಿಂದಿ ಸಿನಿಮಾ ನೋಡುವ ಯಾವ ಕನ್ನಡಿಗನಿಗೂ 'ಜಹನ್ನುಮ್‌ಗೆ ಹೋಗು' ಎಂಬ ಬೈಗುಳ ಹೊಸದಲ್ಲ. ಆದರೆ ಜಹನ್ನುಮ್ ಎಂಬುದು ಬಸ್ಸು ಹತ್ತಿ ಹೋಗಿ ಇಳಿಯಬಹುದಾದ ಊರಿನ ಪಕ್ಕದ ತಗ್ಗು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ನೆಲದ ಮೇಲಿನ ಒಂದು ಜಾಗ ಸತ್ತವರ ಯಾತನೆಯ ಲೋಕಕ್ಕೆ ಹೆಸರಾದದ್ದು ಹೇಗೆ? ಅಲ್ಲಿ ಜ್ವಾಲಾಮುಖಿ ಇರಲಿಲ್ಲ, ಭೂಮಿ ಬಾಯ್ಬಿಟ್ಟು ಹೊಗೆ ಕಾರಲಿಲ್ಲ. ಆ ಹೆಸರಿಗೆ ಭಯ ಅಂಟಿದ್ದು ಮನುಷ್ಯರು ಅಲ್ಲಿ ತಮ್ಮ ಮಕ್ಕಳಿಗೆ ಮಾಡಿದ ಒಂದು ಕೃತ್ಯದಿಂದ. ಅದನ್ನು ಸಹಿಸಲಾರದೆ ಕೆಲವರು ದನಿ ಎತ್ತಿದರು. ಈ ಹೆಸರಿನ ಚರಿತ್ರೆ ಶುರುವಾಗುವುದು ಆ ಸಿಟ್ಟಿನಲ್ಲಿ ಎಂದು ನನಗೆ ಅನ್ನಿಸುತ್ತದೆ.

ಮೊದಲಿಗೆ ಅದು ಬರೀ ಗಡಿ

ಹೀಬ್ರೂವಿನಲ್ಲಿ 'ಗೇ' ಎಂದರೆ ಕಣಿವೆ, 'ಬೆನ್' ಎಂದರೆ ಮಗ. ಬೈಬಲ್ಲಿನಲ್ಲಿ ಈ ಜಾಗದ ಪೂರ್ತಿ ಹೆಸರು 'ಗೇ ಬೆನ್ ಹಿನ್ನೋಮ್', ಅಂದರೆ ಹಿನ್ನೋಮನ ಮಗನ ಕಣಿವೆ. ಬರುಬರುತ್ತಾ ಮಗ ಬಿಟ್ಟುಹೋಗಿ ಗೇ ಹಿನ್ನೋಮ್ ಅಷ್ಟೇ ಉಳಿಯಿತು. ಹಿನ್ನೋಮ್ ಒಬ್ಬ ವ್ಯಕ್ತಿಯ ಹೆಸರು ಎಂಬುದು ಸಾಮಾನ್ಯ ಒಪ್ಪಿಗೆ. ಆ ನೆಲದ ಹಳೆಯ ಒಡೆಯನಿರಬಹುದು, ಹೀಬ್ರೂ ಜನ ಬರುವ ಮೊದಲು ಜೆರುಸಲೇಮಿನಲ್ಲಿದ್ದ ಯೆಬೂಸಿಯರವನಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ. ನರಳು, ಗೋಳಿಡು ಎಂಬ ಅರ್ಥದ ಧಾತುವಿನಿಂದ ಹೆಸರು ಹುಟ್ಟಿತು ಎಂದು ಹೇಳಿದವರೂ ಇದ್ದಾರೆ. ನರಕಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಅಷ್ಟು ಚೆನ್ನಾಗಿ ಹೊಂದುವುದೇ ಅನುಮಾನಕ್ಕೆ ಎಡೆಮಾಡುತ್ತದೆ. ಹೆಸರು ಭಯಾನಕವಾದ ಮೇಲೆ ಹುಡುಕಿಕೊಂಡ ಅರ್ಥದಂತೆ ಅದು ಕಾಣುತ್ತದೆ.

ಯಾಕೆಂದರೆ ಈ ಹೆಸರು ಮೊದಲು ಕಾಣಿಸಿಕೊಳ್ಳುವಲ್ಲಿ ಭಯದ ಸುಳಿವೇ ಇಲ್ಲ. ಯೆಹೋಶುವನ ಪುಸ್ತಕ ಇಸ್ರಾಯೇಲ್ ಕುಲಗಳಿಗೆ ಭೂಮಿ ಹಂಚುವಾಗ ಯೆಹೂದ ಕುಲಕ್ಕೂ ಬೆನ್ಯಾಮೀನ್ ಕುಲಕ್ಕೂ ನಡುವಿನ ಗಡಿಯನ್ನು ವಿವರಿಸುತ್ತದೆ. ಇಂಥ ಬುಗ್ಗೆಯಿಂದ ಇಂಥ ಬೆಟ್ಟದ ತುದಿಗೆ, ಅಲ್ಲಿಂದ ಬೆನ್ ಹಿನ್ನೋಮ್ ಕಣಿವೆಗೆ ಎಂದು ಗಡಿ ಸಾಗುತ್ತದೆ. ಚಕ್ಕುಬಂದಿ ಬರೆಸುವ ದಸ್ತಾವೇಜಿನ ಧಾಟಿ ಅದು.

ಭೂಗೋಳವೂ ಸರಳ. ಹಳೆಯ ಊರಿನ ಪಶ್ಚಿಮಕ್ಕೆ ಶುರುವಾಗುವ ಕಣಿವೆ ದಕ್ಷಿಣಕ್ಕೆ ಇಳಿದು, ಚೀಯೋನ್ ಗುಡ್ಡವನ್ನು ಬಳಸಿ ಪೂರ್ವಕ್ಕೆ ತಿರುಗಿ, ಕಿದ್ರೋನ್ ಕಣಿವೆಯನ್ನು ಸೇರುತ್ತದೆ. ಊರಿಗೆ ಎರಡು ಕಡೆ ಸಹಜ ಕಂದಕ ಇದೇ.

ತೋಫೆತ್ ಎಂಬ ಜಾಗ

ಕ್ರಿಸ್ತಪೂರ್ವ 8ನೇ ಶತಮಾನಕ್ಕೆ ಬರೋಣ. ಯೆಹೂದ ಚಿಕ್ಕ ರಾಜ್ಯ, ಜೆರುಸಲೇಮ್ ಅದರ ರಾಜಧಾನಿ. ಆಹಾಜ ಎಂಬ ಅರಸನ ಕಾಲದಲ್ಲಿ ಉತ್ತರದ ಇಬ್ಬರು ರಾಜರು ಸೇರಿ ಅವನ ಮೇಲೆ ಏರಿ ಬಂದರು. ಅದಕ್ಕೂ ಆಚೆ ಅಸ್ಸೀರಿಯದ ದೊಡ್ಡ ಸೈನ್ಯ ಸಣ್ಣ ರಾಜ್ಯಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಈ ಆಹಾಜ ಹಿನ್ನೋಮ್ ಕಣಿವೆಯಲ್ಲಿ ತನ್ನ ಮಕ್ಕಳನ್ನು ಬೆಂಕಿಗೆ ಕೊಟ್ಟ ಎಂದು ಬೈಬಲ್ ಹೇಳುತ್ತದೆ. ಅವನ ಮೊಮ್ಮಗ ಮನಸ್ಸೆಯ ಮೇಲೂ ಅದೇ ಆರೋಪವಿದೆ.

ಕಣಿವೆಯಲ್ಲಿ ಇದಕ್ಕೆಂದೇ ಮೀಸಲಾಗಿದ್ದ ಜಾಗದ ಹೆಸರು ತೋಫೆತ್. ಬಲಿ ಸಲ್ಲುತ್ತಿದ್ದುದು 'ಮೋಲೆಕ್'ಗೆ. ಮೋಲೆಕ್ ಒಬ್ಬ ದೇವರ ಹೆಸರು ಎಂಬುದು ಹಳೆಯ ತಿಳಿವಳಿಕೆ. ಜರ್ಮನ್ ವಿದ್ವಾಂಸ ಒಟ್ಟೊ ಐಸ್‌ಫೆಲ್ಟ್ 1935ರಲ್ಲಿ ಬೇರೆ ಮಾತು ಹೇಳಿದರು. ಕಾರ್ಥೇಜಿನ ಶಾಸನಗಳಲ್ಲಿ 'ಮೊಲ್ಕ್' ಎಂಬುದು ಒಂದು ಬಗೆಯ ಬಲಿಯ ಹೆಸರಾಗಿ ಬರುತ್ತದೆ, ಬೈಬಲ್ಲಿನ ಮೋಲೆಕ್ ಕೂಡ ಅದೇ ಎಂಬುದು ಅವರ ವಾದ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಕಾರ್ಥೇಜ್ ಇಲ್ಲಿ ಬಂದದ್ದಕ್ಕೆ ಕಾರಣವಿದೆ. ಇಂದಿನ ಟ್ಯುನೀಷಿಯದಲ್ಲಿರುವ ಆ ಊರನ್ನು ಕಟ್ಟಿದವರು ಫಿನೀಷಿಯನ್ನರು, ಹೀಬ್ರೂ ಜನರ ನೆರೆಯವರು, ಹತ್ತಿರದ ಭಾಷೆಯವರು. 1921ರಲ್ಲಿ ಅಲ್ಲಿ ವಿಚಿತ್ರವಾದ ಒಂದು ಹೂಳುವ ಜಾಗ ಬೆಳಕಿಗೆ ಬಂತು. ಸಾಲುಸಾಲಾಗಿ ಮಣ್ಣಿನ ಕುಡಿಕೆಗಳು, ಒಳಗೆ ಎಳೆಗೂಸುಗಳ ಸುಟ್ಟ ಮೂಳೆಗಳು. ಕೆಲವದರಲ್ಲಿ ಮಗುವಿನ ಬದಲು ಕುರಿಮರಿಯ ಮೂಳೆಗಳು. ಮೇಲೆ ನೆಟ್ಟ ಕಲ್ಲುಗಳಲ್ಲಿ ಹರಕೆಯ ಮಾತು. ಪುರಾತತ್ವಜ್ಞರು ಈ ಜಾಗವನ್ನು ಕರೆದದ್ದು ಬೈಬಲ್ಲಿನ ಹೆಸರಿನಿಂದಲೇ, ತೋಫೆತ್ ಎಂದು. ಹುಟ್ಟುವ ಮುನ್ನವೋ ಹುಟ್ಟಿದ ಕೂಡಲೋ ತಾವಾಗಿ ಸತ್ತ ಶಿಶುಗಳ ಸ್ಮಶಾನವಿದು ಎಂದು ಒಂದು ಗುಂಪು ವಾದಿಸುತ್ತದೆ. ಅಲ್ಲ, ಹರಕೆ ತೀರಿಸಲು ಕೊಟ್ಟ ಬಲಿ ಎಂದು ಇನ್ನೊಂದು ಗುಂಪು. ಕಲ್ಲುಗಳ ಮೇಲಿನ ಹರಕೆಯ ಮಾತನ್ನು ನೋಡಿದರೆ ಎರಡನೆಯ ವಾದಕ್ಕೇ ಹೆಚ್ಚು ತೂಕ ಎಂದು ನನ್ನ ಎಣಿಕೆ.

ಹಿನ್ನೋಮ್ ಕಣಿವೆಯಲ್ಲಿ ಮಾತ್ರ ಇಂಥ ಕುಡಿಕೆಗಳಾಗಲಿ ಬಲಿಪೀಠವಾಗಲಿ ಈವರೆಗೆ ಸಿಕ್ಕಿಲ್ಲ. ನಮ್ಮ ಮುಂದಿರುವ ಸಾಕ್ಷಿ ಬೈಬಲ್ಲಿನ ಬರಹ. ಅದೂ ಆ ಪದ್ಧತಿಯನ್ನು ದ್ವೇಷಿಸಿದವರ ಬರಹ. ಹಾಗೆಂದು ಅದು ಕಟ್ಟುಕತೆ ಎನ್ನಲು ಬರುವುದಿಲ್ಲ. ಯಾಜಕಕಾಂಡದಲ್ಲಿ ಅದನ್ನು ನಿಷೇಧಿಸುವ ನಿಯಮವಿದೆ, ಅರಸರ ಚರಿತ್ರೆಯಲ್ಲಿ ಉಲ್ಲೇಖವಿದೆ, ಪ್ರವಾದಿಗಳ ಮಾತಿನಲ್ಲಿ ಮತ್ತೆಮತ್ತೆ ಬರುತ್ತದೆ. ಜನ ಮಾಡದ ಕೆಲಸವನ್ನು ಯಾರೂ ಇಷ್ಟು ಸಲ ನಿಷೇಧಿಸುವುದಿಲ್ಲ.

ನೆರೆರಾಜ್ಯದ ಒಂದು ಘಟನೆಯೂ ಬೈಬಲ್ಲಿನಲ್ಲೇ ಇದೆ. ಮೋವಾಬಿನ ಅರಸ ಮೇಷ ಶತ್ರುಗಳು ಮುತ್ತಿಗೆ ಹಾಕಿದಾಗ, ಬೇರೆ ದಾರಿ ಕಾಣದೆ, ಮುಂದೆ ಪಟ್ಟಕ್ಕೆ ಬರಬೇಕಿದ್ದ ಹಿರಿಮಗನನ್ನು ಕೋಟೆಗೋಡೆಯ ಮೇಲೆ ಬಲಿ ಕೊಟ್ಟನಂತೆ. ಕೈಲಿರುವುದರಲ್ಲಿ ಅತ್ಯಂತ ಪ್ರೀತಿಯದನ್ನು ಕೊಟ್ಟರೆ ದೇವರು ಇಲ್ಲವೆನ್ನಲಾರ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಇದನ್ನು ಮಾಡಿದವರೆಲ್ಲ ಕಟುಕರು ಎಂದು ತಳ್ಳಿಹಾಕುವುದು ಸುಲಭ. ಭಯಗೊಂಡ ತಂದೆತಾಯಿಗಳೂ ಅವರಲ್ಲಿದ್ದರು ಎಂದುಕೊಂಡರೆ ಹೆಚ್ಚು ಸಂಕಟವಾಗುತ್ತದೆ.

ಮಡಕೆ ಒಡೆದ ಪ್ರವಾದಿ

ಕ್ರಿ.ಪೂ. 622ರ ಸುಮಾರಿಗೆ ಯೋಷೀಯ ಎಂಬ ಅರಸ ದೊಡ್ಡ ಧಾರ್ಮಿಕ ಸುಧಾರಣೆಗೆ ಕೈಹಾಕಿದ. ತೋಫೆತ್ತನ್ನು ಅಪವಿತ್ರಗೊಳಿಸಿದ, ಇನ್ನು ಮುಂದೆ ಅಲ್ಲಿ ಯಾರೂ ಮಗನನ್ನಾಗಲಿ ಮಗಳನ್ನಾಗಲಿ ಬೆಂಕಿಗೆ ಕೊಡಬಾರದೆಂದು ಹಾಗೆ ಮಾಡಿದ ಎಂದು ಅರಸುಗಳ ಪುಸ್ತಕ ದಾಖಲಿಸುತ್ತದೆ. ಕ್ರಿ.ಪೂ. 609ರಲ್ಲಿ ಅವನು ಯುದ್ಧದಲ್ಲಿ ಸತ್ತ. ಸುಧಾರಣೆಯ ಬಲವೂ ಕುಗ್ಗಿತು.

ಅದೇ ಕಾಲದವನು ಯೆರೆಮೀಯ. ಯಾಜಕರ ಮನೆತನದವನು, ಎಳೆಯ ವಯಸ್ಸಿನಲ್ಲೇ ಪ್ರವಾದಿಯಾದವನು, ತನ್ನ ಊರಿಗೆ ಕೆಟ್ಟ ಸುದ್ದಿ ಹೇಳುವ ಕೆಲಸ ಬಿದ್ದು ಜೀವನವಿಡೀ ನೊಂದವನು. ಅವನೊಮ್ಮೆ ಕುಂಬಾರನಿಂದ ಒಂದು ಮಣ್ಣಿನ ಹೂಜಿ ಕೊಂಡು, ಊರಿನ ಹಿರಿಯರನ್ನೂ ಯಾಜಕರನ್ನೂ ಕರೆದುಕೊಂಡು ಹಿನ್ನೋಮ್ ಕಣಿವೆಗೆ ಹೋದ. ಎಲ್ಲರ ಕಣ್ಣೆದುರಿಗೆ ಆ ಹೂಜಿಯನ್ನು ಒಡೆದ. ಮತ್ತೆ ಕೂಡಿಸಲಾಗದ ಹಾಗೆ ಈ ಊರೂ ಒಡೆಯುತ್ತದೆ ಎಂದ. ಮುಂದೆ ಈ ಜಾಗವನ್ನು ತೋಫೆತ್ ಎಂದಾಗಲಿ ಬೆನ್ ಹಿನ್ನೋಮ್ ಕಣಿವೆ ಎಂದಾಗಲಿ ಕರೆಯುವುದಿಲ್ಲ, ಸಂಹಾರದ ಕಣಿವೆ ಎನ್ನುತ್ತಾರೆ ಎಂದ. ಹೂಳಲು ಜಾಗ ಸಾಲದಷ್ಟು ಹೆಣಗಳು ಬೀಳುತ್ತವೆ ಎಂದ.

ಯೆರೆಮೀಯನ ಪುಸ್ತಕದಲ್ಲಿ ಈ ಬಲಿಯ ವಿಷಯ ಬಂದಲ್ಲೆಲ್ಲ ಒಂದು ಮಾತು ಮೂರು ಸಲ ಮರುಕಳಿಸುತ್ತದೆ. ಇದನ್ನು ನಾನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬರಲಿಲ್ಲ ಎಂದು ದೇವರೇ ಹೇಳುವುದಾಗಿ ಅವನು ಸಾರುತ್ತಾನೆ. ಈ ನಿರಾಕರಣೆ ಯಾಕೆ ಬೇಕಾಯಿತು? ಜನ ನಂಬಿದ್ದರು. ಇದು ತಮ್ಮದೇ ದೇವರು ಕೇಳಿದ ಕಾಣಿಕೆ ಎಂದುಕೊಂಡು ಕೊಡುತ್ತಿದ್ದರು. ಚೊಚ್ಚಲು ದೇವರಿಗೆ ಸೇರಿದ್ದು ಎಂಬ ನಿಯಮ ಅವರ ಶಾಸ್ತ್ರದಲ್ಲೇ ಇತ್ತು, ಮಗುವಿನ ಬದಲು ಬೇರೆ ಕಾಣಿಕೆ ಕೊಟ್ಟು ಬಿಡಿಸಿಕೊಳ್ಳಬೇಕೆಂಬ ನಿಯಮವೂ ಇತ್ತು. ಕೆಲವರು ಮೊದಲಿನದನ್ನು ಹಿಡಿದು ಎರಡನೆಯದನ್ನು ಬಿಟ್ಟರು. ಯೆರೆಮೀಯ ಎದುರು ನಿಂತದ್ದು ಪರದೇವರನ್ನು ಪೂಜಿಸುವವರಿಗೆ ಮಾತ್ರವಲ್ಲ, ಭಕ್ತಿಯ ಹೆಸರಿನಲ್ಲಿ ಮಗುವನ್ನು ಸುಡಬಹುದು ಎಂದು ತಿಳಿದ ತನ್ನವರಿಗೂ. ಇಡೀ ಬೈಬಲ್ಲಿನಲ್ಲಿ ಇಷ್ಟು ಧೈರ್ಯದ ಮಾತುಗಳು ಹೆಚ್ಚಿಲ್ಲ.

ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟಿತು. ಯೆರೆಮೀಯನ ಮಾತು ನಿಜವಾಯಿತೆಂದು ಬದುಕುಳಿದವರು ಅಂದುಕೊಂಡರು. ಕಣಿವೆಯ ಹೆಸರಿಗೆ ಅಂದಿನಿಂದ ಎರಡು ನೆನಪುಗಳು ಅಂಟಿದವು. ಒಂದು, ಮಕ್ಕಳನ್ನು ಸುಟ್ಟ ಪಾಪ. ಇನ್ನೊಂದು, ಅದಕ್ಕೆ ಬಂದ ಶಿಕ್ಷೆ.

ಪಾತಾಳ ಬೇರೆ, ನರಕ ಬೇರೆ

ಇಷ್ಟಾದರೂ ಅದು ಇನ್ನೂ ನೆಲದ ಮೇಲಿನ ಕಣಿವೆಯೇ. ಹಳೆಯ ಹೀಬ್ರೂ ನಂಬಿಕೆಯಲ್ಲಿ ಸತ್ತವರು ಹೋಗುವ ಜಾಗ ಬೇರೆ, ಅದರ ಹೆಸರು ಷಿಯೋಲ್. ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರೂ ಇಳಿಯುವ ಕತ್ತಲ ಮೌನಲೋಕ ಅದು. ಅಲ್ಲಿ ಬೆಂಕಿ ಇಲ್ಲ, ಯಾತನೆ ಇಲ್ಲ, ತೀರ್ಪೂ ಇಲ್ಲ.

ಈ ವ್ಯತ್ಯಾಸವನ್ನು ಕನ್ನಡದ ಬೈಬಲ್ ಅನುವಾದಕರು ಚೆನ್ನಾಗಿ ಕಾಪಾಡಿದ್ದಾರೆ. ಅವರು ಷಿಯೋಲ್‌ಗೆ 'ಪಾತಾಳ' ಎಂದರು, ಗೆಹೆನ್ನಕ್ಕೆ 'ನರಕ' ಎಂದರು. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ ಹಲವು ಕಡೆ ಎರಡಕ್ಕೂ ಒಂದೇ ಪದ ಬಳಸಿತ್ತು. ಹಾಗಾಗಿ ಇಂಗ್ಲಿಷಿನ ಓದುಗರು ತಲೆಮಾರುಗಟ್ಟಲೆ ಇವೆರಡನ್ನೂ ಕಲೆಸಿಕೊಂಡರು. ಕನ್ನಡದ ಓದುಗನಿಗೆ ಆ ತೊಡಕು ಬರಲಿಲ್ಲ.

ಷಿಯೋಲ್ ಸಾಲದೆಹೋದದ್ದು ಯಾವಾಗ? ನ್ಯಾಯದ ಪ್ರಶ್ನೆ ಎದ್ದಾಗ. ಕ್ರಿ.ಪೂ. 167ರ ಹೊತ್ತಿಗೆ ಗ್ರೀಕ್ ಮೂಲದ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರ ಆಚರಣೆಗಳನ್ನೇ ನಿಷೇಧಿಸಿದ. ನಿಷ್ಠೆ ಬಿಡದವರು ಪ್ರಾಣ ಕಳೆದುಕೊಂಡರು, ಕೊಂದವರು ಸುಖವಾಗಿದ್ದರು. ಸತ್ತ ಮೇಲೆ ಇಬ್ಬರಿಗೂ ಒಂದೇ ಕತ್ತಲೆಯೆ? ಆ ಕಾಲಕ್ಕೆ ಸೇರಿದ ದಾನಿಯೇಲನ ಪುಸ್ತಕದಲ್ಲಿ ಸತ್ತವರು ಎದ್ದು ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯನಿಂದೆಗೆ ಹೋಗುತ್ತಾರೆಂಬ ಮಾತು ಬರುತ್ತದೆ.

ಆ ಶಿಕ್ಷೆಗೆ ಒಂದು ಜಾಗ ಬೇಕಾಯಿತು, ಜಾಗ ಆಗಲೇ ಸಿದ್ಧವಿತ್ತು. ಯೆಶಾಯನ ಪುಸ್ತಕದ ಕೊನೆಯಲ್ಲಿ ಜೆರುಸಲೇಮಿನ ಹೊರಗೆ ಬಿದ್ದ ದ್ರೋಹಿಗಳ ಹೆಣಗಳ ಚಿತ್ರವಿದೆ, ಹುಳ ಸಾಯದು, ಬೆಂಕಿ ಆರದು. ಹನೋಕನ ಪುಸ್ತಕದ ಹಳೆಯ ಭಾಗದಲ್ಲಿ ದೇವದೂತನೊಬ್ಬ ಹನೋಕನಿಗೆ ಪವಿತ್ರ ಬೆಟ್ಟವನ್ನೂ ಅದರ ಪಕ್ಕದ ಶಾಪಗ್ರಸ್ತ ಕಣಿವೆಯನ್ನೂ ತೋರಿಸುತ್ತಾನೆ. ಹೆಸರು ಹೇಳುವುದಿಲ್ಲ, ಆದರೆ ಜೆರುಸಲೇಮಿನ ನೆಲ ಬಲ್ಲವರಿಗೆ ಅದು ಯಾವ ಕಣಿವೆ ಎಂದು ಹೇಳಬೇಕಾಗಿರಲಿಲ್ಲ.

ಯೇಸುವಿನ ಕಾಲಕ್ಕೆ ಗೆಹೆನ್ನ ಎಂದರೆ ಕೇಳುಗರಿಗೆ ಸಾಕಿತ್ತು. ಹೊಸ ಒಡಂಬಡಿಕೆಯಲ್ಲಿ ಈ ಪದ 12 ಸಲ ಬರುತ್ತದೆ. ಯಾಕೋಬನ ಪತ್ರದಲ್ಲಿ ಒಂದು ಸಲ, ಉಳಿದ 11 ಸಲವೂ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಯೇಸುವಿನ ಬಾಯಲ್ಲಿ. ಪೌಲನ ಪತ್ರಗಳಲ್ಲಿ ಒಂದು ಸಲವೂ ಇಲ್ಲ. ಪೌಲ ಬರೆಯುತ್ತಿದ್ದುದು ಕೊರಿಂಥ, ರೋಮ್‌ಗಳ ಜನರಿಗೆ, ಅವರು ಆ ಕಣಿವೆಯನ್ನು ಕಂಡವರಲ್ಲ. ಯೇಸುವಿನ ಕೇಳುಗರು ಹಬ್ಬಕ್ಕೆಂದು ಜೆರುಸಲೇಮಿಗೆ ಬಂದು ಹೋಗುತ್ತಿದ್ದವರು.

12 ತಿಂಗಳ ಶಿಕ್ಷೆ, ಏಳು ಬಾಗಿಲು

ಯೆಹೂದ್ಯ ಗುರುಗಳು ಗೆಹಿನ್ನೋಮನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. ಬೆನ್ ಹಿನ್ನೋಮ್ ಕಣಿವೆಯಲ್ಲಿ ಎರಡು ಖರ್ಜೂರದ ಮರಗಳಿವೆ, ಅವುಗಳ ನಡುವಿನಿಂದ ಹೊಗೆ ಏಳುತ್ತದೆ, ಅದೇ ಗೆಹಿನ್ನೋಮಿನ ಬಾಗಿಲು ಎಂದು ಅವರ ಗ್ರಂಥ ತಾಲ್ಮುದ್ ಒಂದು ಸಂಪ್ರದಾಯವನ್ನು ದಾಖಲಿಸಿದೆ. ನರಕವನ್ನು ಪೂರ್ತಿ ನೆಲದಡಿಗೆ ಕಳಿಸಿದ ಮೇಲೂ ಅದರ ಬಾಗಿಲನ್ನು ಆ ಕಣಿವೆಯಲ್ಲೇ ಉಳಿಸಿಕೊಂಡರು.

ಇನ್ನೊಂದು ವಿಷಯದಲ್ಲಿ ಅವರು ಕರುಣೆ ತೋರಿದರು. ಗೆಹಿನ್ನೋಮಿನಲ್ಲಿ ದುಷ್ಟರ ಶಿಕ್ಷೆ 12 ತಿಂಗಳು ಎಂದು ಮಿಷ್ನಾದಲ್ಲಿ ಒಂದು ಅಭಿಪ್ರಾಯವಿದೆ. ಹೆಚ್ಚಿನ ಆತ್ಮಗಳಿಗೆ ಅದು ತೊಳೆದು ಶುದ್ಧಗೊಳಿಸುವ ಜಾಗವೇ ಹೊರತು ಶಾಶ್ವತ ಸೆರೆಯಲ್ಲ. ಇದರ ಗುರುತು ಇವತ್ತಿನ ಯೆಹೂದ್ಯ ಮನೆಗಳಲ್ಲೂ ಇದೆ. ತಂದೆಯೋ ತಾಯಿಯೋ ತೀರಿಕೊಂಡರೆ ಮಕ್ಕಳು ಕದ್ದಿಷ್ ಪ್ರಾರ್ಥನೆ ಹೇಳುತ್ತಾರೆ. ಅದನ್ನು 12 ತಿಂಗಳು ಹೇಳದೆ 11ಕ್ಕೇ ನಿಲ್ಲಿಸುವ ರೂಢಿ ವ್ಯಾಪಕವಾಗಿದೆ. ಪೂರ್ತಿ 12 ತಿಂಗಳು ಹೇಳಿದರೆ ನಮ್ಮ ಅಪ್ಪ, ಅಮ್ಮ ಪೂರ್ತಿ ಶಿಕ್ಷೆ ಅನುಭವಿಸುವಷ್ಟು ದುಷ್ಟರು ಎಂದಂತಾಗುತ್ತದೆಯಲ್ಲ!

ಕುರ್‌ಆನಿನಲ್ಲಿ ಜಹನ್ನಮ್ ಎಂಬ ಹೆಸರು 77 ಸಲ ಬರುತ್ತದೆ, ಅದಕ್ಕೆ ಏಳು ಬಾಗಿಲುಗಳೆಂಬ ಮಾತೂ ಇದೆ. ಗ್ರೀಕಿನಲ್ಲಿ ಕಳೆದುಹೋಗಿದ್ದ ಕೊನೆಯ 'ಮ್' ಅರಬ್ಬಿಯಲ್ಲಿ ಉಳಿದಿದೆ. ಇಥಿಯೋಪಿಯದ ಗೀಜ್ ಭಾಷೆಯಲ್ಲೂ ಅದು 'ಗಹನ್ನಮ್'. ಅರಬ್ಬಿಗೆ ಪದ ಬಂದದ್ದು ಆ ದಾರಿಯಿಂದ ಎಂದು ಹಲವು ಭಾಷಾತಜ್ಞರು ಹೇಳುತ್ತಾರೆ. ಅಲ್ಲಿಂದ ಪಾರಸಿಗೆ, ಪಾರಸಿಯಿಂದ ಉರ್ದುವಿಗೆ, ದಖನಿಯೊಂದಿಗೆ ನಮ್ಮ ನೆಲಕ್ಕೆ.

ಜೆರುಸಲೇಮಿನ ಮುಸ್ಲಿಮರು ಮಾತ್ರ 'ವಾದಿ ಜಹನ್ನಮ್' ಎಂದು ಕರೆದದ್ದು ಪಕ್ಕದ ಕಿದ್ರೋನ್ ಕಣಿವೆಯನ್ನು. ಪಾರಸಿ ಕವಿ, ಪ್ರವಾಸಿ ನಾಸಿರ್ ಖುಸ್ರೌ 1047ರಲ್ಲಿ ಅಲ್ಲಿಗೆ ಹೋಗಿದ್ದ. ಕಣಿವೆಯ ಅಂಚಿನಲ್ಲಿ ನಿಂತರೆ ಕೆಳಗಿನಿಂದ ನರಕವಾಸಿಗಳ ಕೂಗು ಕೇಳುತ್ತದೆ ಎಂದು ಜನ ಅವನಿಗೆ ಹೇಳಿದರು. ತಾನು ಅಲ್ಲಿಗೆ ಹೋಗಿ ಕಿವಿಗೊಟ್ಟೆ, ಏನೂ ಕೇಳಿಸಲಿಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ಸಾವಿರ ವರ್ಷದ ಹಿಂದಿನ ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ತಿಪ್ಪೆಯ ಕಥೆ

ಗೆಹೆನ್ನದ ಬಗ್ಗೆ ಓದಿದವರು, ಚರ್ಚ್‌ಗಳಲ್ಲಿ ಪ್ರವಚನ ಕೇಳಿದವರು ಒಂದು ಮಾತನ್ನು ತಪ್ಪದೆ ಕೇಳಿರುತ್ತಾರೆ. ಯೇಸುವಿನ ಕಾಲದಲ್ಲಿ ಈ ಕಣಿವೆ ಊರಿನ ಕಸ ಹಾಕುವ ಜಾಗವಾಗಿತ್ತು, ಅಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತು, ಪ್ರಾಣಿಗಳ, ಅಪರಾಧಿಗಳ ಹೆಣಗಳನ್ನು ಅಲ್ಲಿ ಎಸೆಯುತ್ತಿದ್ದರು, ಆರದ ಬೆಂಕಿಯ ಕಲ್ಪನೆ ಬಂದದ್ದು ಅದರಿಂದ ಎಂಬ ಮಾತು.

ಕೇಳಲು ಒಪ್ಪುವಂತಿದೆ. ಆದರೆ ಬೈಬಲ್ಲಿನಲ್ಲಾಗಲಿ, 1ನೇ ಶತಮಾನದ ಇತಿಹಾಸಕಾರ ಜೋಸೆಫಸನಲ್ಲಾಗಲಿ, ತಾಲ್ಮುದಿನಲ್ಲಾಗಲಿ ಈ ಮಾತು ಇಲ್ಲ. ಇದನ್ನು ಬರೆದವರಲ್ಲಿ ನಮಗೆ ಮೊದಲು ಸಿಗುವವನು ದಕ್ಷಿಣ ಫ್ರಾನ್ಸಿನ ನಾರ್ಬೊನ್ ಊರಿನ ರಬ್ಬಿ ದಾವಿದ್ ಕಿಮ್ಹಿ, ಅದೂ ಕ್ರಿ.ಶ. 1200ರ ಆಸುಪಾಸಿನಲ್ಲಿ, ಕೀರ್ತನೆಗಳ ವ್ಯಾಖ್ಯಾನದಲ್ಲಿ. ಯೇಸುವಿನಿಂದ ಅವನಿಗೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ. ಕಣಿವೆಯಲ್ಲಿ ನಿರಂತರ ಉರಿದ ತಿಪ್ಪೆಯ ಕುರುಹೂ ಸಿಕ್ಕಿಲ್ಲ. ರೋಮನ್ ಆಳ್ವಿಕೆಯ ಆರಂಭ ಕಾಲದ ಜೆರುಸಲೇಮಿನ ಕಸ ದೊಡ್ಡ ಪ್ರಮಾಣದಲ್ಲಿ ಸಿಕ್ಕಿರುವುದು ಊರಿನ ಪೂರ್ವಕ್ಕೆ, ಕಿದ್ರೋನ್ ಕಡೆಯ ಇಳಿಜಾರಿನಲ್ಲಿ.

ಈ ಕಥೆ ಯಾಕೆ ಇಷ್ಟು ಗಟ್ಟಿಯಾಗಿ ನಿಂತಿತು? ನರಕದ ಕಲ್ಪನೆಗೆ ಸಾದಾ ಕಾರಣವೊಂದನ್ನು ಕೊಟ್ಟು ಅದು ಮನಸ್ಸಿಗೆ ಸಮಾಧಾನ ತರುತ್ತದೆ. ನನಗೆ ಅದರ ಬಗ್ಗೆ ಇರುವ ತಕರಾರು ಬರೀ ಸಾಕ್ಷ್ಯದ್ದಲ್ಲ. ಕಸದ ಕಥೆ ಹೇಳಿದ ಕೂಡಲೇ ಮಕ್ಕಳು ಮರೆಯಾಗುತ್ತಾರೆ. ಆ ಹೆಸರು ಹೇಸಿಗೆಯಿಂದ ಹುಟ್ಟಿತು ಎಂದಾಗುತ್ತದೆ, ಅದು ಹುಟ್ಟಿದ್ದು ಅಪರಾಧದಿಂದ.

ಸಮಾಧಿಯಲ್ಲಿ ಸಿಕ್ಕ ಆಶೀರ್ವಾದ

ಈ ಕಣಿವೆ ನೆಲದೊಳಗಿನಿಂದ ಕೊಟ್ಟ ಅತ್ಯಂತ ದೊಡ್ಡ ವಸ್ತು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕಣಿವೆಯ ಮೇಲಿನ ಹೆಗಲಿನಂಥ ದಿಬ್ಬಕ್ಕೆ ಕೆತೆಫ್ ಹಿನ್ನೋಮ್ ಎಂಬ ಹೆಸರು. ಸ್ಕಾಟ್ಲೆಂಡಿನವರ ಸಂತ ಆಂಡ್ರ್ಯೂ ಚರ್ಚಿನ ಪಕ್ಕದಲ್ಲಿರುವ ಈ ದಿಬ್ಬದಲ್ಲಿ 1979ರಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕಾಯ್ ಉತ್ಖನನ ನಡೆಸಿದರು. ಸಿಕ್ಕಿದ್ದು ಬಂಡೆಯಲ್ಲಿ ಕೊರೆದ ಸಮಾಧಿ ಕೋಣೆಗಳು. ಹೆಣ ಮಲಗಿಸುವ ಕಲ್ಲಿನ ಜಗುಲಿಗಳು, ತಲೆಯಿಡಲು ಕಲ್ಲಿನಲ್ಲೇ ಕಡೆದ ದಿಂಬುಗಳು. ಬಹುತೇಕ ಕೋಣೆಗಳು ಎಂದೋ ದೋಚಿಹೋಗಿದ್ದವು.

ಸಹಾಯಕ್ಕೆ ಬಂದಿದ್ದ ಶಾಲಾ ಮಕ್ಕಳಲ್ಲಿ 13 ವರ್ಷದ ಒಬ್ಬ ಹುಡುಗನಿಗೆ ಒಂದು ಕೋಣೆಯ ಜಗುಲಿಯ ಕೆಳಗಿನ ಗೂಡನ್ನು ಗುಡಿಸುವ ಕೆಲಸ ಕೊಟ್ಟಿದ್ದರು. ಅವನು ಸುಮ್ಮನಿರದೆ ಸುತ್ತಿಗೆಯಿಂದ ಕುಟ್ಟಿದ. ನೆಲ ಎಂದುಕೊಂಡದ್ದು ಮೇಲಿನಿಂದ ಕುಸಿದು ಬಿದ್ದ ಚಾವಣಿಯ ಕಲ್ಲು. ಅದು ಒಡೆಯಿತು, ಕೆಳಗೆ ಯಾರೂ ಮುಟ್ಟದ ನಿಧಿ ಸಿಕ್ಕಿತು. ಮೂಳೆಗಳ ಜೊತೆ ಮಣ್ಣಿನ ಪಾತ್ರೆ, ಆಭರಣ, ಬಾಣದ ಮೊನೆ ಸೇರಿ ಸಾವಿರಕ್ಕೂ ಹೆಚ್ಚು ವಸ್ತುಗಳು.

ಅವುಗಳಲ್ಲಿ ಎರಡು, ಸುರುಳಿ ಸುತ್ತಿದ ತೆಳು ಬೆಳ್ಳಿ ತಗಡುಗಳು. ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಂಥವು. ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದ ಅವನ್ನು ಬಿಡಿಸಲು ಸುಮಾರು ಮೂರು ವರ್ಷ ಹಿಡಿಯಿತು. ಬಿಡಿಸಿದ ಮೇಲೆ ದೊಡ್ಡದರ ಉದ್ದ 97 ಮಿಲಿಮೀಟರ್, ಚಿಕ್ಕದರದು 39 ಮಿಲಿಮೀಟರ್. ಮೇಲೆ ಕೂದಲೆಳೆಯಷ್ಟು ಸಣ್ಣಗೆ ಕೊರೆದ ಹಳೆಯ ಹೀಬ್ರೂ ಅಕ್ಷರಗಳು. ಓದಿದಾಗ ಅದು ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿರುವ ಯಾಜಕರ ಆಶೀರ್ವಾದ. ದೇವರು ನಿನ್ನನ್ನು ಹರಸಿ ಕಾಪಾಡಲಿ, ನಿನಗೆ ಶಾಂತಿ ಕೊಡಲಿ ಎಂಬ ಆಶಯದ ಆ ಮಾತುಗಳನ್ನು ಇಂದಿಗೂ ಸಿನಗಾಗ್‌ಗಳಲ್ಲಿ, ಚರ್ಚ್‌ಗಳಲ್ಲಿ, ಮನೆಗಳಲ್ಲಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹೇಳುತ್ತಾರೆ.

ಲಿಪಿಯ ರೂಪ ನೋಡಿ ಈ ತಗಡುಗಳ ಕಾಲವನ್ನು ಕ್ರಿ.ಪೂ. 7ನೇ ಶತಮಾನದ ಕೊನೆ ಅಥವಾ 6ನೆಯದರ ಆರಂಭ ಎಂದು ಗೊತ್ತುಮಾಡಿದ್ದಾರೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡ ಹೊಸ ಛಾಯಾಗ್ರಹಣ ತಂತ್ರದಿಂದ ಮತ್ತೆ ಓದಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಬೆಂಬಲಿಸಿತು. ಮೃತ ಸಮುದ್ರದ ಸುರುಳಿಗಳಿಗಿಂತ ಇವು ಸುಮಾರು 400 ವರ್ಷ ಹಳೆಯವು. ಬೈಬಲ್ಲಿನ ಸಾಲುಗಳಿರುವ, ಈವರೆಗೆ ಸಿಕ್ಕ ಅತಿ ಹಳೆಯ ಬರಹ ಇದೇ. ಅದರ ಕಾಲ ಯೆರೆಮೀಯನ ಕಾಲವೂ ಹೌದು. ಅವನು ಹೂಜಿ ಒಡೆದ ದಿನಗಳಲ್ಲಿ ಅದೇ ಕಣಿವೆಯ ಮೇಲೆ ಯಾರೋ ತಮ್ಮವರನ್ನು ಈ ಆಶೀರ್ವಾದದ ಜೊತೆ ಮಲಗಿಸಿದ್ದರು.

ತಂತಿಬೇಲಿ, ತೂಗುಸೇತುವೆ

ಕಣಿವೆಯ ದಕ್ಷಿಣ ಮಗ್ಗುಲಲ್ಲಿ ಅಕೆಲ್ದಮ ಇದೆ, ಅರಮಾಯಿಕ್ ಭಾಷೆಯಲ್ಲಿ ರಕ್ತದ ಹೊಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಸಿಕ್ಕ ಬೆಳ್ಳಿ ನಾಣ್ಯಗಳಿಂದ ಕೊಂಡದ್ದೆಂದು ಹೊಸ ಒಡಂಬಡಿಕೆ ಹೇಳುವ, ಪರದೇಶಿಗಳನ್ನು ಹೂಳುತ್ತಿದ್ದ ನೆಲ. 2000ದಲ್ಲಿ ಅಲ್ಲಿಯ ಒಂದು ಸಮಾಧಿಯಲ್ಲಿ 1ನೇ ಶತಮಾನದ ಹೆಣದ ಬಟ್ಟೆಯ ತುಣುಕುಗಳು ಸಿಕ್ಕವು. ಆ ವ್ಯಕ್ತಿಗೆ ಕ್ಷಯವೂ ಕುಷ್ಠವೂ ಇತ್ತೆಂದು ಡಿಎನ್‌ಎ ಪರೀಕ್ಷೆ ತೋರಿಸಿತು.

ಪಶ್ಚಿಮದ ಇಳಿಜಾರಿನಲ್ಲಿ 1860ರಲ್ಲಿ ಬ್ರಿಟನ್ನಿನ ದಾನಿ ಮೋಸೆಸ್ ಮಾಂಟೆಫಿಯೊರೆ ಕೋಟೆಯ ಹೊರಗಿನ ಮೊದಲ ಯೆಹೂದ್ಯ ಬಡಾವಣೆ ಕಟ್ಟಿಸಿದರು. ಒಳಗಿನ ಇಕ್ಕಟ್ಟು, ಕೊಳಕಿಗಿಂತ ಕಣಿವೆಯ ಗಾಳಿ ಒಳ್ಳೆಯದು ಎಂದು ಜನರನ್ನು ಒಪ್ಪಿಸಬೇಕಾಯಿತು. 1948ರ ಯುದ್ಧದಲ್ಲಿ ಇಸ್ರೇಲಿ ಸೈನಿಕರು ಕಣಿವೆಯ ಮೇಲೆ ಉಕ್ಕಿನ ಹಗ್ಗ ಎಳೆದು, ರಾತ್ರಿ ಹೊತ್ತು ಚಿಕ್ಕ ತೊಟ್ಟಿಲೊಂದರಲ್ಲಿ ಚೀಯೋನ್ ಗುಡ್ಡಕ್ಕೆ ಸಾಮಾನು ಸಾಗಿಸಿ, ಗಾಯಾಳುಗಳನ್ನು ಈಚೆಗೆ ತಂದರು. ಬೆಳಗಾಗುವ ಮುನ್ನ ಹಗ್ಗವನ್ನು ಕಣಿವೆಗೆ ಇಳಿಬಿಡುತ್ತಿದ್ದರು. ಮುಂದಿನ 19 ವರ್ಷ, 1967ರವರೆಗೆ, ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಕದನವಿರಾಮ ರೇಖೆ ಇಲ್ಲಿಯೇ ಹಾದುಹೋಗಿತ್ತು. ಯೆಹೋಶುವನ ಪುಸ್ತಕದ ಗಡಿ ಮತ್ತೆ ಗಡಿಯಾಯಿತು, ಈ ಸಲ ಮುಳ್ಳುತಂತಿಯೊಂದಿಗೆ.

ಅರಬ್ಬಿಯಲ್ಲಿ ಈ ಕಣಿವೆಗೆ ವಾದಿ ರಬಾಬ ಎನ್ನುತ್ತಾರೆ. ಅದರ ಕೆಳತುದಿಯಲ್ಲಿ ಸಿಲ್ವಾನ್ ಎಂಬ ಬಡಾವಣೆಯ ಪ್ಯಾಲೆಸ್ಟೀನಿ ಕುಟುಂಬಗಳಿಗೂ ಇಸ್ರೇಲಿ ಉದ್ಯಾನ ಪ್ರಾಧಿಕಾರಕ್ಕೂ ಜಮೀನಿನ ವ್ಯಾಜ್ಯವಿದೆ. 2023ರಲ್ಲಿ ಕಣಿವೆಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಬಂತು. ಪ್ರವಾಸಿಗರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅಲ್ಲಿಯ ಆಲಿವ್ ಮರಗಳು ತಮ್ಮವೆಂದು ಹೇಳುವವರು ಕೆಳಗಿನಿಂದ ನೋಡುತ್ತಾರೆ.

ಕರ್ನಾಟಕದಿಂದ ಜೆರುಸಲೇಮಿಗೆ ಹೋಗುವ ಕ್ರೈಸ್ತ, ಮುಸ್ಲಿಂ ಯಾತ್ರಿಕರೂ ಸುಮ್ಮನೆ ಊರು ನೋಡಲು ಹೋಗುವವರೂ ಸಾಮಾನ್ಯವಾಗಿ ಈ ಕಣಿವೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಹೋಗುವ ಅವಕಾಶ ಸಿಕ್ಕರೆ ಇಳಿದು ನಡೆಯಿರಿ. ಮಾರ್ಗದರ್ಶಿ ಕಸದ ಕಥೆ ಹೇಳಿದರೆ ಯೆರೆಮೀಯನ 7ನೇ ಮತ್ತು 19ನೇ ಅಧ್ಯಾಯಗಳನ್ನು ನೆನಪಿಸಿ. ಸಂತ ಆಂಡ್ರ್ಯೂ ಚರ್ಚಿನ ಪಕ್ಕದ ಬಂಡೆಯಲ್ಲಿ ಆ ಸಮಾಧಿ ಕೋಣೆಗಳು ಈಗಲೂ ಇವೆ. ಬೆಳ್ಳಿಯ ಎರಡು ತಗಡುಗಳನ್ನು ಅದೇ ಊರಿನ ಇಸ್ರೇಲ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.